ತೇನಿಯ ಆಂಟೆನಾ, ದಿಂಡಿಗಲ್ಲಿನ ಬೀಗ

ಹೋದ ತಿಂಗಳು ಏಳನೇ ತರಗತಿಯ ಹುಡುಗನೊಬ್ಬ ಕೇಳಿದ: "ಸಾರ್, ಆಂಟೆನಾ ದೊಡ್ಡದು ಹಾಕಿದ್ರೆ ನೆಟ್ ಜಾಸ್ತಿ ಬರುತ್ತಾ?"

ನಮ್ಮ ಶಾಲೆಯ ವೈ-ಫೈ ಪೆಟ್ಟಿಗೆ ಮುಖ್ಯೋಪಾಧ್ಯಾಯರ ಕೋಣೆಯಲ್ಲಿ, ಕಬ್ಬಿಣದ ಬೀರುವಿನ ಹಿಂದೆ ಇತ್ತು. ಆಫೀಸಿನಲ್ಲಿ ಚೆನ್ನಾಗಿ ಸಿಗುತ್ತಿದ್ದ ನೆಟ್ ಏಳನೇ ತರಗತಿಗೆ ಬರುವಷ್ಟರಲ್ಲಿ ಮಾಯ. ಹುಡುಗನ ಪ್ರಶ್ನೆಗೆ "ಬರುತ್ತೆ ಕಣೋ" ಅಂದುಬಿಡಬಹುದಿತ್ತು. ಆದರೆ ಅದು ಅರ್ಧ ಉತ್ತರ. ಪೂರ್ತಿ ಉತ್ತರವನ್ನು ಸುಮಾರು ಇಪ್ಪತ್ತು ವರ್ಷದ ಹಿಂದೆ ತಮಿಳುನಾಡಿನ ತೇನಿ ಜಿಲ್ಲೆಯ ತೆಂಗಿನ ತೋಟಗಳ ನಡುವೆ ಕೆಲವರು ಕಂಡುಕೊಂಡಿದ್ದರು. ಆ ಕಥೆಯನ್ನು ಮಕ್ಕಳಿಗೆ ಹೇಳಿದೆ. ನಿಮಗೂ ಹೇಳೋಣ ಅನ್ನಿಸಿತು.

ಗಡಿಯ ಈಚೆ ಇರುವ ನಮಗೆ ತೇನಿ, ಕಂಬಂ, ದಿಂಡಿಗಲ್ಲು ಪೂರಾ ಪರವೂರುಗಳಲ್ಲ. ಕಂಬಂ ಕಣಿವೆಯಲ್ಲಿ ಕಪ್ಪಿಲಿಯರ್ ಎಂದು ಕರೆಸಿಕೊಳ್ಳುವ ಒಕ್ಕಲಿಗರು, ಆ ಸುತ್ತಿನ ಅನುಪ್ಪರು ಇಂದಿಗೂ ಮನೆಯೊಳಗೆ ಕನ್ನಡ ಮಾತಾಡುತ್ತಾರೆ. ಶಾಲೆ ತಮಿಳು, ಸಂತೆ ತಮಿಳು, ಅಡುಗೆಮನೆ ಮಾತ್ರ ಕನ್ನಡ! ಇನ್ನು ದಿಂಡಿಗಲ್ಲಿಗೆ ಮೈಸೂರಿನ ಫೌಜುದಾರನಾಗಿ ಹೈದರಾಲಿ ಹೋದದ್ದು 1755ರಲ್ಲಿ. ಅಲ್ಲಿನ ಬಂಡೆಯ ಮೇಲಿನ ಕೋಟೆ ನೋಡಿದವರಿಗೆ ಎತ್ತರದ ಜಾಗದ ಬೆಲೆ ಏನೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಇರಲಿ, ವಿಷಯಕ್ಕೆ ಬರುತ್ತೇನೆ.

ಆಂಟೆನಾ ಅಂದರೆ ನಮ್ಮ ವಯಸ್ಸಿನವರಿಗೆ ನೆನಪಾಗುವುದು ಮಾಳಿಗೆಯ ಮೇಲಿನ ಟಿವಿ ಆಂಟೆನಾ. ಮೀನಿನ ಮುಳ್ಳಿನ ಹಾಗೆ ಸಾಲಾಗಿ ಅಲ್ಯೂಮಿನಿಯಂ ಕಡ್ಡಿಗಳು. ಒಬ್ಬ ಮೇಲೆ ಹತ್ತಿ ತಿರುಗಿಸುವುದು, ಇನ್ನೊಬ್ಬ ಕೆಳಗಿನಿಂದ "ಬಂತು... ಹೋಯ್ತು... ಸ್ವಲ್ಪ ಎಡಕ್ಕೆ" ಎಂದು ಕೂಗುವುದು. ತೇನಿ, ಪೆರಿಯಕುಳಂ ಕಡೆಯ ಮನೆಗಳಲ್ಲಿ ಈ ಮುಳ್ಳುಗಳೆಲ್ಲ ಕೊಡೈಕೆನಾಲ್ ಬೆಟ್ಟದ ಕಡೆ ಮುಖ ಮಾಡಿರುತ್ತಿದ್ದವು. ದೂರದರ್ಶನದ ಪ್ರಸಾರ ಕೇಂದ್ರ ಇದ್ದದ್ದು ಅಲ್ಲಿ.

ಈ ಮುಳ್ಳಿನ ಆಂಟೆನಾ ಹುಟ್ಟಿದ್ದು ಜಪಾನಿನಲ್ಲಿ. ಸೆಂಡೈ ಊರಿನ ತೊಹೊಕು ವಿಶ್ವವಿದ್ಯಾಲಯದ ಶಿಂಟಾರೊ ಉಡಾ ಮತ್ತು ಹಿಡೆತ್ಸುಗು ಯಾಗಿ 1926ರ ಹೊತ್ತಿಗೆ ಅದನ್ನು ಲೋಕಕ್ಕೆ ತೋರಿಸಿದರು. ಹೆಚ್ಚು ಕೆಲಸ ಮಾಡಿದವರು ಉಡಾ, ಹೆಚ್ಚು ಹೆಸರಾದವರು ಯಾಗಿ! ಅದೇ ಉಡಾ 1950ರ ದಶಕದಲ್ಲಿ ಭಾರತಕ್ಕೆ ಬಂದು ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದಲ್ಲಿ ಕೆಲವು ವರ್ಷ ಕೆಲಸ ಮಾಡಿದ್ದರು.

ಈಗ ಹುಡುಗನ ಪ್ರಶ್ನೆ. ಆಂಟೆನಾ ಹೊಸ ಶಕ್ತಿಯನ್ನು ಹುಟ್ಟಿಸುವುದಿಲ್ಲ. ಕತ್ತಲಲ್ಲಿ ಒಂದು ಬಲ್ಬು ಹೊತ್ತಿಸಿ. ಬೆಳಕು ನಾಲ್ಕೂ ಕಡೆ ಚೆಲ್ಲುತ್ತದೆ, ಹತ್ತು ಮಾರು ಆಚೆ ಏನೂ ಕಾಣದು. ಅದೇ ಬಲ್ಬಿನ ಹಿಂದೆ ಬಟ್ಟಲಿನಂಥ ಹೊಳೆಯುವ ತಗಡು ಇಟ್ಟರೆ ಟಾರ್ಚ್ ಆಯಿತು. ಗದ್ದೆಯ ಆ ಬದಿಯ ಬೇವಿನ ಮರವೂ ಕಾಣುತ್ತದೆ. ಬಲ್ಬು ಅದೇ, ಬ್ಯಾಟರಿ ಅದೇ. ಹಿಂದಕ್ಕೆ, ಪಕ್ಕಕ್ಕೆ ಹೋಗಿ ಪೋಲಾಗುತ್ತಿದ್ದ ಬೆಳಕು ಮುಂದಕ್ಕೆ ತಿರುಗಿತು, ಅಷ್ಟೇ. ಒಳ್ಳೆಯ ಆಂಟೆನಾ ಮಾಡುವುದೂ ಇದನ್ನೇ. ಇನ್ನೊಂದು ಲಾಭವೂ ಇದೆ. ಟಾರ್ಚು ಬೆಳಕನ್ನು ಕಳಿಸುತ್ತದೆಯೇ ಹೊರತು ತೆಗೆದುಕೊಳ್ಳುವುದಿಲ್ಲ. ಆಂಟೆನಾ ಎರಡನ್ನೂ ಮಾಡುತ್ತದೆ. ಯಾವ ದಿಕ್ಕಿಗೆ ಜೋರಾಗಿ ಮಾತಾಡುತ್ತದೋ ಆ ದಿಕ್ಕಿನ ಮಾತನ್ನೇ ಚೆನ್ನಾಗಿ ಕೇಳಿಸಿಕೊಳ್ಳುತ್ತದೆ.

ಇದನ್ನು ಮನಸ್ಸಿನಲ್ಲಿಟ್ಟುಕೊಂಡು ತೇನಿಗೆ ಹೋಗೋಣ.

ಡಾ. ಜಿ. ವೆಂಕಟಸ್ವಾಮಿ ಎಂಬ ಕಣ್ಣಿನ ವೈದ್ಯರಿದ್ದರು. 1918ರಲ್ಲಿ ಹುಟ್ಟಿದವರು. ಯೌವನದಲ್ಲೇ ಸಂಧಿವಾತ ಬಡಿದು ಕೈಬೆರಳುಗಳು ಸೊಟ್ಟಗಾದವು. ಆ ಬೆರಳುಗಳಲ್ಲೇ ಶಸ್ತ್ರಚಿಕಿತ್ಸೆ ಮಾಡುವುದನ್ನು ಕಲಿತರು. ಸರಕಾರಿ ಕೆಲಸದಿಂದ ನಿವೃತ್ತರಾದ ಮೇಲೆ 1976ರಲ್ಲಿ ಮದುರೈಯಲ್ಲಿ 11 ಹಾಸಿಗೆಗಳ ಅರವಿಂದ ಕಣ್ಣಾಸ್ಪತ್ರೆ ಶುರು ಮಾಡಿದರು. ಅದರ ತೇನಿ ಶಾಖೆ ತೆರೆದದ್ದು 1985ರಲ್ಲಿ. ಹಣ ಇದ್ದವರಿಂದ ಪಡೆದು, ಇಲ್ಲದವರಿಗೆ ಉಚಿತವಾಗಿ ಕಣ್ಣು ಕೊಟ್ಟ ಆಸ್ಪತ್ರೆ ಅದು.

ಆದರೆ ಒಂದು ಕೊರತೆ ಉಳಿದಿತ್ತು. ಆಸ್ಪತ್ರೆ ಎಷ್ಟೇ ಚೆನ್ನಾಗಿರಲಿ, ಅದು ಇರುವುದು ಊರಲ್ಲಿ. ಹಳ್ಳಿಯ ಮುದುಕಿ ಒಂದು ಕನ್ನಡಕಕ್ಕಾಗಿ ಬಸ್ಸು ಹತ್ತಬೇಕು, ಜೊತೆಗೆ ಮಗನೋ ಸೊಸೆಯೋ ಬರಬೇಕು, ಇಬ್ಬರ ಬಸ್ ಚಾರ್ಜು, ಇಬ್ಬರ ಒಂದು ದಿನದ ಕೂಲಿ. "ಬಿಡು, ಇನ್ನೆಷ್ಟು ದಿನ ಬದುಕ್ತೀನಿ" ಎಂದು ಸುಮ್ಮನಾಗುವವರೇ ಹೆಚ್ಚು. ನಮ್ಮ ಅಜ್ಜಿಯಂದಿರು ಹಾಗೆ ಅಂದದ್ದನ್ನು ನಾವೆಲ್ಲ ಕೇಳಿದ್ದೇವೆ ಅಲ್ಲವೇ?

ಅದಕ್ಕೆ ಆಸ್ಪತ್ರೆಯವರು ಸಣ್ಣ ಊರುಗಳಲ್ಲಿ ದೃಷ್ಟಿ ಕೇಂದ್ರಗಳನ್ನು ತೆರೆಯಲು ಹೊರಟರು. ಅಲ್ಲಿ ಡಾಕ್ಟರು ಇರುವುದಿಲ್ಲ. ಕಣ್ಣಿನ ಪರೀಕ್ಷೆಯಲ್ಲಿ ತರಬೇತಾದ ಸಿಬ್ಬಂದಿ ನೋಡುತ್ತಾರೆ. ಆಮೇಲೆ ಕಂಪ್ಯೂಟರಿನ ಪರದೆಯ ಮೇಲೆ ತೇನಿಯ ಡಾಕ್ಟರು ಬಂದು ರೋಗಿಯ ಜೊತೆಗೇ ಮಾತಾಡುತ್ತಾರೆ. ಇದಕ್ಕೆ ವಿಡಿಯೋ ಎರಡೂ ಕಡೆ ಸರಾಗವಾಗಿ ಹರಿಯಬೇಕು. 2004-05ರಲ್ಲಿ ಆ ಊರುಗಳಲ್ಲಿ ಅಷ್ಟು ನೆಟ್ ಎಲ್ಲಿಂದ ಬರಬೇಕು? ಟೆಲಿಫೋನ್ ತಂತಿಯ ಮೇಲೆ ಒಂದು ಫೋಟೋ ತೆರೆಯಲು ಚಹಾ ಕುಡಿದು ಬರಬೇಕಾಗಿದ್ದ ಕಾಲ.

ಅದೇ ಕಾಲದಲ್ಲಿ ನಮ್ಮ ಕರ್ನಾಟಕದ ದೊಡ್ಡಬಳ್ಳಾಪುರ ತಾಲ್ಲೂಕಿನಲ್ಲಿ ಇನ್ನೊಂದು ದಾರಿ ಹುಡುಕಿದ್ದರು. ಅದರ ಹೆಸರು ಡಾಕ್‌ನೆಟ್. ಬಸ್ಸಿನಲ್ಲಿ ವೈ-ಫೈ ಪೆಟ್ಟಿಗೆ ಇಟ್ಟರು. ಬಸ್ಸು ಹಳ್ಳಿಗೆ ಬಂದಾಗ ಅಲ್ಲಿನ ಕಂಪ್ಯೂಟರು ಪಹಣಿಯ ಅರ್ಜಿಗಳನ್ನು ಗಾಳಿಯಲ್ಲೇ ಅದಕ್ಕೆ ದಾಟಿಸುತ್ತಿತ್ತು. ಬಸ್ಸು ತಾಲ್ಲೂಕು ಕೇಂದ್ರ ಮುಟ್ಟಿದಾಗ ಭೂಮಿ ಯೋಜನೆಯ ಕಂಪ್ಯೂಟರಿಗೆ ಅವು ಸೇರುತ್ತಿದ್ದವು. ಅಂಚೆಯಣ್ಣನ ಕೆಲಸವನ್ನೇ ಬಸ್ಸು ಮಾಡಿತು! ಪಹಣಿಗೆ ಇದು ಸಾಕು, ಸಂಜೆಯೊಳಗೆ ಬಂದರಾಯಿತು. ಆದರೆ ಕಣ್ಣು ತೋರಿಸಲು ಕೂತ ಮುದುಕಿ ಬಸ್ಸು ಬರುವ ತನಕ ಡಾಕ್ಟರ ಉತ್ತರಕ್ಕೆ ಕಾಯುವುದು ಆಗದ ಮಾತು. ಅಲ್ಲಿ ಆ ಕ್ಷಣಕ್ಕೇ ಮಾತು ಬೇಕು.

ಈ ಕೆಲಸಕ್ಕೆ ಆಸ್ಪತ್ರೆಯ ಜೊತೆ ಕೈಗೂಡಿಸಿದವರು ಅಮೆರಿಕದ ಬರ್ಕ್ಲಿಯಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಪ್ರೊಫೆಸರ್ ಎರಿಕ್ ಬ್ರೂವರ್ ಮತ್ತು ಅವರ ವಿದ್ಯಾರ್ಥಿಗಳು: ರಬಿನ್ ಪಾತ್ರ, ಸೋನೇಶ್ ಸುರಾನಾ, ಸರ್ಗಿಯು ನೆಡೆವ್ಸ್ಕಿ ಮೊದಲಾದವರು. ಅವರ ಯೋಚನೆ ಸರಳ. ಮನೆಯೊಳಗೆ ಬಳಸುವ ವೈ-ಫೈ ಅಗ್ಗ, ಅಂಗಡಿಯಲ್ಲಿ ಸಿಗುತ್ತದೆ. ಅದರ ಬಲ್ಬಿಗೆ ಟಾರ್ಚಿನ ಬಟ್ಟಲು ಹಾಕಿದರೆ? ಕಾಲವೂ ಕೂಡಿಬಂತು. 2005ರ ಜನವರಿಯಲ್ಲಿ ಭಾರತ ಸರಕಾರ 2.4 ಗಿಗಾಹರ್ಟ್ಸ್ ಅಲೆಗಳನ್ನು, ನಿಗದಿಯಾದ ಶಕ್ತಿಯ ಮಿತಿಯೊಳಗೆ, ಹೊರಾಂಗಣದಲ್ಲೂ ಲೈಸೆನ್ಸ್ ಇಲ್ಲದೆ ಬಳಸಬಹುದು ಎಂದಿತು.

ಅವರು ಹಾಕಿದ್ದು ಬಲೆಯಂಥ ಲೋಹದ ಬಟ್ಟಲಿನ ಆಂಟೆನಾ. ಅದರ ಬಲ 24 ಡಿಬಿಐ. ಅಂದರೆ ನಾಲ್ಕೂ ಕಡೆ ಸಮನಾಗಿ ಚೆಲ್ಲುವುದಕ್ಕೆ ಹೋಲಿಸಿದರೆ ತಾನು ನೋಡುವ ದಿಕ್ಕಿನಲ್ಲಿ ಸುಮಾರು 250 ಪಟ್ಟು. ಅದರ ಕಿರಣದ ಅಗಲ 8 ಡಿಗ್ರಿ ಮಾತ್ರ. ಕೋನಮಾಪಕ ತೆಗೆದು 8 ಡಿಗ್ರಿ ಎಳೆದು ನೋಡಿ, ಎಷ್ಟು ಕಿರಿದು ಎಂದು ಗೊತ್ತಾಗುತ್ತದೆ. ಆಂಟೆನಾ ಒಂದಿಷ್ಟು ವಾಲಿದರೂ ಸಂಪರ್ಕ ಕುಂದುತ್ತದೆ.

ತೇನಿ ಆಸ್ಪತ್ರೆಯಿಂದ ಆಂಡಿಪಟ್ಟಿ, ಬೋಡಿನಾಯಕನೂರು, ಚಿನ್ನಮನೂರು, ಪೆರಿಯಕುಳಂ ಸೇರಿ ಐದು ಕೇಂದ್ರಗಳಿಗೆ ಜಾಲ ಹಬ್ಬಿತು. ಒಂದೊಂದು ಕೊಂಡಿ 1 ಕಿಲೋಮೀಟರಿನಿಂದ 15 ಕಿಲೋಮೀಟರ್ ಉದ್ದ. ನೇರವಾಗಿ ಕಾಣದ ಕಡೆ ನಡುವೆ ಇನ್ನೊಂದು ಕಂಬ. ಕಂಬಗಳ ಎತ್ತರ 24ರಿಂದ 42 ಮೀಟರ್. ಒಂದು ಕಡೆಯಂತೂ ಜವಳಿ ಕಾರ್ಖಾನೆಯ ಆವರಣದಲ್ಲಿದ್ದ ಚಿಮಣಿಯನ್ನೇ ಕಂಬ ಮಾಡಿಕೊಂಡರು!

ಅಷ್ಟು ಎತ್ತರ ಯಾಕೆ ಬೇಕು? ಇಲ್ಲೊಂದು ಚೆಂದದ ಲೆಕ್ಕ ಇದೆ, ಹತ್ತನೇ ತರಗತಿಯ ಮಕ್ಕಳಿಗೆ ಹೇಳಿಕೊಡಬಹುದು. ರೇಡಿಯೋ ಅಲೆ ನೂಲಿನ ಹಾಗೆ ತೆಳ್ಳಗೆ ಹೋಗುವುದಿಲ್ಲ. ಎರಡು ಆಂಟೆನಾಗಳ ನಡುವೆ ಸೌತೆಕಾಯಿಯ ಆಕಾರದಲ್ಲಿ ಉಬ್ಬಿಕೊಂಡು ಹೋಗುತ್ತದೆ. ಫ್ರೆನೆಲ್ ಎಂಬ ಫ್ರೆಂಚ್ ವಿಜ್ಞಾನಿಯ ಹೆಸರಿನಲ್ಲಿ ಇದನ್ನು ಫ್ರೆನೆಲ್ ವಲಯ ಎನ್ನುತ್ತಾರೆ. 15 ಕಿಲೋಮೀಟರ್ ದೂರಕ್ಕೆ, 2.4 ಗಿಗಾಹರ್ಟ್ಸ್ ಅಲೆಗೆ, ನಟ್ಟನಡುವೆ ಆ ಸೌತೆಕಾಯಿಯ ಅರ್ಧ ದಪ್ಪ ಸುಮಾರು 21 ಮೀಟರ್. ಅದರಲ್ಲಿ ನೂರಕ್ಕೆ ಅರವತ್ತು ಪಾಲು, ಅಂದರೆ 13 ಮೀಟರ್ ಆದರೂ ಖಾಲಿ ಇರಬೇಕು. ಭೂಮಿಯ ಉಬ್ಬು ಬೇರೆ 3 ಮೀಟರ್. ಕೆಳಗೆ ಕಂಬಂ ಕಣಿವೆಯ ತೆಂಗಿನ ಮರ 15-20 ಮೀಟರ್. ಕೂಡಿಸಿ ನೋಡಿ, 31ರಿಂದ 36 ಮೀಟರ್ ಆಯಿತು. ದೂರದ ಚಿಮಣಿ ಕಣ್ಣಿಗೆ ಕಂಡರೆ ಸಾಲದು, ಮರದ ತಲೆಗಿಂತ ಸಾಕಷ್ಟು ಮೇಲೆ ಕಾಣಬೇಕು.

ಇಷ್ಟೆಲ್ಲ ಮಾಡಿದರೂ ನೆಟ್ ಸರಿಯಾಗಿ ಓಡಲಿಲ್ಲ. ಆಂಟೆನಾ ತಪ್ಪಲ್ಲ, ಕೊಂಡಿ ಗಟ್ಟಿಯಾಗಿಯೇ ಇತ್ತು. ತಪ್ಪು ವೈ-ಫೈಯ ನಡವಳಿಕೆಯಲ್ಲಿತ್ತು.

ವೈ-ಫೈ ಒಂದು ಪೊಟ್ಟಣ ಕಳಿಸಿದ ಮೇಲೆ "ಸಿಕ್ಕಿತು" ಎಂಬ ಉತ್ತರಕ್ಕೆ ಕಾಯುತ್ತದೆ. ಉತ್ತರ ತಡವಾದರೆ ಕಳೆದುಹೋಯಿತೆಂದು ತಿಳಿದು ಮತ್ತೆ ಕಳಿಸುತ್ತದೆ. ಅದರ ತಾಳ್ಮೆ ಮನೆಯೊಳಗಿನ ದೂರಕ್ಕೆ ಲೆಕ್ಕ ಹಾಕಿದ್ದು. ಅಲೆ 15 ಕಿಲೋಮೀಟರ್ ಹೋಗಲು 50 ಮೈಕ್ರೋಸೆಕೆಂಡ್, ಉತ್ತರ ವಾಪಸು ಬರಲು ಇನ್ನೊಂದು 50. ನಮಗೆ ಅದು ಕಣ್ಣು ಮಿಟುಕಿಸುವುದಕ್ಕಿಂತಲೂ ಕಡಿಮೆ, ಆ ಯಂತ್ರಕ್ಕೆ ಯುಗ! ಉತ್ತರ ದಾರಿಯಲ್ಲಿರುವಾಗಲೇ ಅದು ಅದೇ ಪೊಟ್ಟಣವನ್ನು ಮತ್ತೆ ಎಸೆಯುತ್ತಿತ್ತು. ಎರಡು ಕಡೆಯವರೂ ಒಟ್ಟಿಗೆ ಮಾತಾಡಿ ಮಾತು ಡಿಕ್ಕಿಯಾಗುತ್ತಿತ್ತು.

ಆ ವಿದ್ಯಾರ್ಥಿಗಳು ನಿಯಮವನ್ನೇ ಬದಲಾಯಿಸಿದರು. ಇಷ್ಟು ಹೊತ್ತು ನೀನು ಮಾತಾಡು, ಇಷ್ಟು ಹೊತ್ತು ನಾನು ಎಂದು ಸರದಿ ಕಟ್ಟಿದರು. ಒಂದೊಂದಕ್ಕೂ ಉತ್ತರ ಬೇಡ, ಒಂದು ಕಟ್ಟಿಗೆ ಒಂದೇ ಉತ್ತರ ಸಾಕು ಎಂದರು. ಇದೇ ಸರದಿಯ ದಾರಿಯಲ್ಲಿ ಕಾನ್ಪುರದ ಐಐಟಿಯವರು ಗಂಗಾ ಬಯಲಿನ ತಮ್ಮ ಜಾಲಕ್ಕಾಗಿ ಅದಕ್ಕೂ ಮೊದಲೇ ಕೆಲಸ ಮಾಡಿದ್ದರು ಎಂಬುದನ್ನು ಮರೆಯಬಾರದು. ತೇನಿಯ ಗುಂಪು 2007ರಲ್ಲಿ ತಮ್ಮ ವಿಧಾನವನ್ನು ಪ್ರಬಂಧವಾಗಿ ಪ್ರಕಟಿಸಿತು. ಸಾಮಾನ್ಯ ವೈ-ಫೈಗಿಂತ 2ರಿಂದ 5 ಪಟ್ಟು ಹೆಚ್ಚು ಮಾಹಿತಿ ಹರಿಯಿತು. ಅದೇ ವರ್ಷ ವೆನೆಜುವೆಲಾದ ಬೆಟ್ಟಗಳ ನಡುವೆ ಎರ್ಮಾನ್ನೊ ಪಿಯೆತ್ರೊಸೆಮೊಲಿ ಎಂಬುವರ ತಂಡ 382 ಕಿಲೋಮೀಟರ್ ದೂರಕ್ಕೆ ವೈ-ಫೈ ಕೊಂಡಿ ಹಾಕಿತು.

ಹಾಗಾದರೆ ಎಲ್ಲ ಸರಿಹೋಯಿತೇ? ಇಲ್ಲ. ಹೆಚ್ಚು ಕಾಡಿದ್ದು ನಮಗೆಲ್ಲ ಗೊತ್ತಿರುವ ಶತ್ರು, ಕರೆಂಟು. ಹೋಗುವುದು, ಬರುವುದು, ಬರುವಾಗ 500 ವೋಲ್ಟ್ ದಾಟಿ ಹಾರುವುದು. ಪೆಟ್ಟಿಗೆಗಳು ಸುಟ್ಟವು, ಅರೆಬರೆ ವೋಲ್ಟೇಜಿನಲ್ಲಿ ತಲೆಕೆಟ್ಟು ಕೂತವು. ಅಮೆರಿಕದಿಂದ ಬಂದವರು ವಾಪಸು ಹೋಗುವವರೇ. ಹಾಗಾಗಿ ಊರಿನ ಸಿಬ್ಬಂದಿಗೇ ದುರಸ್ತಿ ಕಲಿಸಬೇಕಾಯಿತು. 2008ರಲ್ಲಿ ಅವರೇ ಬರೆದ ಇನ್ನೊಂದು ಪ್ರಬಂಧದ ಸಾರ ಇದೇ: ಜಾಲ ಹಾಕುವುದು ಸುಲಭ, ಜೀವಂತ ಇಡುವುದು ಕಷ್ಟ. ಶಾಲೆಗಳಿಗೆ ಬಂದು ಧೂಳು ಹಿಡಿದ ಕಂಪ್ಯೂಟರುಗಳನ್ನು ಕಂಡ ನಮಗೆ ಇದು ಹೊಸ ಮಾತಲ್ಲ.

ಆದರೂ ಜಾಲ ಬದುಕಿತು. 2006ರ ಹೊತ್ತಿಗೆ ಐದು ಕೇಂದ್ರಗಳಲ್ಲಿ ತಿಂಗಳಿಗೆ ಸುಮಾರು 1500 ಜನ ಕಣ್ಣು ತೋರಿಸುತ್ತಿದ್ದರು. ಆ ವರ್ಷ ಜುಲೈ 7ರಂದು ವೆಂಕಟಸ್ವಾಮಿಯವರು ತೀರಿಕೊಂಡರು. ಇಂದು ಅರವಿಂದದ ದೃಷ್ಟಿ ಕೇಂದ್ರಗಳು ನೂರಕ್ಕೂ ಹೆಚ್ಚು. ಬ್ರಾಡ್‌ಬ್ಯಾಂಡ್, 4ಜಿ ಬಂದ ಮೇಲೆ ಅಷ್ಟೆತ್ತರದ ಕಂಬಗಳ ಅಗತ್ಯ ಕಡಿಮೆಯಾಗಿರಬಹುದು. ಆದರೆ ದೂರದ ಡಾಕ್ಟರನ್ನು ಹಳ್ಳಿಯ ಬೆಂಚಿನ ಮುಂದೆ ಕೂರಿಸಬಹುದು ಎಂಬುದನ್ನು ಮೊದಲು ನಂಬಿಸಿದ್ದು ಆ ಬಲೆಯ ಬಟ್ಟಲುಗಳು.

ಕೆಲವು ವರ್ಷದ ಹಿಂದೆ ಕಂಬಂ ಕಡೆ ಒಂದು ಮದುವೆಗೆ ಹೋಗಿದ್ದೆ. ಕನ್ನಡ ಮಾತಾಡುವ ವಯಸ್ಸಾದ ಒಬ್ಬರು ನಾನು ಮೇಷ್ಟ್ರು ಎಂದು ತಿಳಿದು ಪಕ್ಕದಲ್ಲಿ ಕೂರಿಸಿಕೊಂಡರು. ಕಣ್ಣಿನ ಮಾತು ಬಂತು. "ವಾತ್ಯಾರೇ, ಡಾಕ್ಟ್ರು ಪೆಟ್ಟಿಗೇಲಿ ಬಂದು ನನ್ನ ಹೆಸ್ರು ಹಿಡಿದು ಕರೆದ್ರು" ಎಂದು ನಕ್ಕರು. ಆಂಟೆನಾ, ಗಿಗಾಹರ್ಟ್ಸ್ ಏನೂ ಅವರಿಗೆ ಬೇಕಿರಲಿಲ್ಲ. ಹೆಸರು ಹಿಡಿದು ಕರೆದದ್ದು ನೆನಪಿತ್ತು.

ಇಷ್ಟರವರೆಗೆ ದೂರ ತಲುಪುವ ಮಾತಾಯಿತು. ಇನ್ನು ಕಾಯುವ ಮಾತು. ಅದಕ್ಕೆ ದಿಂಡಿಗಲ್ಲಿಗೆ ಬರಬೇಕು.

ದಿಂಡಿಗಲ್ಲು ಬೀಗಕ್ಕೆ ಹೆಸರಾದ ಊರು. ಕೈಯಿಂದ ಮಾಡುವ ಅಲ್ಲಿನ ಬೀಗಕ್ಕೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಮಾವಿನಕಾಯಿ ಆಕಾರದ ಬೀಗವೂ ಅಲ್ಲಿ ಪ್ರಸಿದ್ಧ. ತೇನಿಯ ಆಂಟೆನಾಕ್ಕೂ ಈ ಬೀಗಕ್ಕೂ ಏನು ಸಂಬಂಧ ಅಂತೀರಾ?

"ಕಿರಣ ಕಿರಿದು, ಹಾಗಾಗಿ ಬೇರೆಯವರು ಕದ್ದು ಕೇಳಲಾರರು" ಎಂದು ಕೆಲವರು ತಿಳಿದಿರುತ್ತಾರೆ. ಲೆಕ್ಕ ಹಾಕಿ ನೋಡಿ. 8 ಡಿಗ್ರಿಯ ಕಿರಣ 15 ಕಿಲೋಮೀಟರ್ ಹೋಗುವಷ್ಟರಲ್ಲಿ 2 ಕಿಲೋಮೀಟರಿಗೂ ಹೆಚ್ಚು ಅಗಲವಾಗಿರುತ್ತದೆ. ಅಷ್ಟರಲ್ಲಿ ಒಂದು ಇಡೀ ಊರು ಹಿಡಿಸುತ್ತದೆ! ಅಲ್ಲದೆ ಆಂಟೆನಾ ಯಾರ ಪಕ್ಷವೂ ಅಲ್ಲ. ಡಾಕ್ಟರಿಗೆ ದೂರ ಕೇಳಿಸುವ ಬಟ್ಟಲು ಕಳ್ಳನಿಗೂ ದೂರದಿಂದಲೇ ಕೇಳಿಸುತ್ತದೆ. ಬೇಡದ ಕಡೆ ಅಲೆ ಚೆಲ್ಲದಂತೆ ಮಾಡಿದರೆ ಅಪಾಯ ಸ್ವಲ್ಪ ತಗ್ಗುವುದು ನಿಜ. 2017ರಲ್ಲಿ ಅಮೆರಿಕದ ಡಾರ್ಟ್‌ಮತ್ ಕಾಲೇಜಿನವರು ರೂಟರಿನ ಹಿಂದೆ ಲೋಹ ಹೊದಿಸಿದ ಬಾಗಿದ ತಟ್ಟೆ ಇಟ್ಟು, ಬೇಕಾದ ಕೋಣೆಗೆ ಅಲೆ ಹೆಚ್ಚಿಸಿ ಬೇಡದ ಕಡೆ ತಗ್ಗಿಸಿ ತೋರಿಸಿದರು. ಆದರೆ ಅದು ಬೇಲಿ, ಬೀಗ ಅಲ್ಲ.

ವೈ-ಫೈಯ ಬೀಗಕ್ಕೂ ಇತಿಹಾಸ ಇದೆ. ಮೊದಲ ಬೀಗದ ಹೆಸರು ವೆಪ್. 2001ರಲ್ಲೇ ಫ್ಲೂರರ್, ಮಾಂಟಿನ್, ಶಮೀರ್ ಎಂಬ ಮೂವರು ಅದರ ಒಳಗಿನ ದೋಷವನ್ನು ಬಯಲು ಮಾಡಿದರು. 2003ರಲ್ಲಿ ಡಬ್ಲ್ಯುಪಿಎ, 2004ರಲ್ಲಿ ಡಬ್ಲ್ಯುಪಿಎ-2 ಬಂದವು. 2017ರಲ್ಲಿ ಅದರಲ್ಲೂ ಬಿರುಕು ಸಿಕ್ಕಿತು, ರಿಪೇರಿ ಮಾಡಿದರು. 2018ರಲ್ಲಿ ಡಬ್ಲ್ಯುಪಿಎ-3 ಬಂತು. ಬೀಗ ಮಾಡುವವನೂ ಮುರಿಯುವವನೂ ಒಟ್ಟಿಗೇ ಕಲಿಯುತ್ತಿರುತ್ತಾರೆ.

ಬೀಗ ಇಲ್ಲದಿದ್ದರೆ ಏನಾಗುತ್ತದೆ ಎಂದು ದೇಶ ಕಂಡದ್ದು 2008ರ ಜುಲೈಯಲ್ಲಿ. ಅಹಮದಾಬಾದ್ ಸ್ಫೋಟಗಳ ಹೊತ್ತಿನಲ್ಲಿ ಬಂದ ಬೆದರಿಕೆಯ ಇ-ಮೇಲ್ ನವೀ ಮುಂಬೈನ ಒಂದು ಮನೆಯ, ಪಾಸ್‌ವರ್ಡ್ ಇಲ್ಲದ ವೈ-ಫೈ ಮೂಲಕ ಹೋಗಿತ್ತು. ಪೊಲೀಸರು ಮೊದಲು ಬಂದದ್ದು ಆ ಮನೆಯ ಬಾಗಿಲಿಗೆ. 2009ರಲ್ಲಿ ದೂರಸಂಪರ್ಕ ಇಲಾಖೆ ವೈ-ಫೈಗಳಿಗೆ ಭದ್ರತೆ ಇರಲೇಬೇಕೆಂದು ಸೂಚನೆ ಹೊರಡಿಸಿತು.

ನಮ್ಮ ಶಾಲೆಯ ಕಥೆ ಇಷ್ಟು ದೊಡ್ಡದಲ್ಲ, ಆದರೆ ನಾಚಿಕೆಯದು. ಪಾಸ್‌ವರ್ಡನ್ನು ನಾವೇ ನೋಟೀಸ್ ಬೋರ್ಡಿನ ಪಕ್ಕ ಬರೆದು ಅಂಟಿಸಿದ್ದೆವು! ಸಂಜೆ ಕಾಂಪೌಂಡಿನ ಆಚೆ ಬೈಕ್ ನಿಲ್ಲಿಸಿ ಕೂರುವವರು ಯಾಕೆ ಹೆಚ್ಚಾದರು ಎಂದು ತಿಳಿಯಲಿಲ್ಲ. ತಿಂಗಳ ಡೇಟಾ ಹತ್ತು ದಿನಕ್ಕೆ ಮುಗಿದಾಗ ತಿಳಿಯಿತು. ಅದೇ ಜಾಲದ ಮೇಲೆ ಮಕ್ಕಳ ಹೆಸರು, ಹುಟ್ಟಿದ ದಿನ, ತಂದೆ ತಾಯಿಯ ಫೋನ್ ನಂಬರು ಎಲ್ಲ ತುಂಬಿಸುತ್ತಿದ್ದೆವು. ಡೇಟಾ ಹೋದರೆ ಹೋಗಲಿ, ಮಕ್ಕಳ ವಿವರ ಯಾರ ಕೈಗಾದರೂ ಸಿಕ್ಕಿದ್ದರೆ? ಅಂದು ರಾತ್ರಿ ನಿದ್ದೆ ಬರಲಿಲ್ಲ.

ಮರುದಿನ ಮಕ್ಕಳನ್ನೇ ಸೇರಿಸಿಕೊಂಡು ಕೆಲಸ ಶುರು ಮಾಡಿದೆವು. ಹೊಸದೇನೂ ಕೊಳ್ಳಲಿಲ್ಲ. ಬೀರುವಿನ ಹಿಂದಿದ್ದ ಪೆಟ್ಟಿಗೆಯನ್ನು ಪಡಸಾಲೆಯ ನಡುವೆ, ತಲೆಗಿಂತ ಎತ್ತರದಲ್ಲಿ ಗೋಡೆಗೆ ಹಾಕಿದೆವು. ಅದರ ಎರಡು ಕಡ್ಡಿಗಳನ್ನು ನೆಟ್ಟಗೆ ನಿಲ್ಲಿಸಿದೆವು. ಕಡ್ಡಿ ಆಂಟೆನಾ ತನ್ನ ತುದಿಯ ಕಡೆಗಲ್ಲ, ಸುತ್ತಲೂ ಚೆಲ್ಲುತ್ತದೆ ಎಂದು ಮಕ್ಕಳಿಗೆ ತೋರಿಸಿದೆ. ಡಬ್ಲ್ಯುಪಿಎ-2 ಹಾಕಿ, ಉದ್ದದ ಪಾಸ್‌ವರ್ಡ್ ಕೊಟ್ಟೆವು. ಪೆಟ್ಟಿಗೆಯ ಜೊತೆ ಕಂಪನಿಯಿಂದಲೇ ಬಂದಿದ್ದ 'ಅಡ್ಮಿನ್' ಎಂಬ ಗುಪ್ತಪದವನ್ನೂ ಬದಲಾಯಿಸಿದೆವು. ಇದನ್ನು ಬಹಳ ಶಾಲೆಗಳು ಮರೆಯುತ್ತವೆ, ದಯವಿಟ್ಟು ನಿಮ್ಮಲ್ಲಿ ನೋಡಿ. ಗೋಡೆಯ ಮೇಲಿನ ಚೀಟಿಯನ್ನು ಪ್ರಶ್ನೆ ಕೇಳಿದ ಹುಡುಗನೇ ಕಿತ್ತುಹಾಕಿದ. ಈಗ ಏಳನೇ ತರಗತಿಗೆ ನೆಟ್ ಬರುತ್ತದೆ. ಬೈಕಿನವರು ಬರುವುದಿಲ್ಲ.

ಕೊನೆಗೆ ಅವನು ಮತ್ತೆ ಕೇಳಿದ, "ಹಾಗಾದ್ರೆ ದೊಡ್ಡ ಆಂಟೆನಾ ಬೇಡ್ವಾ ಸಾರ್?"

"ಎಷ್ಟು ದೂರ ಮುಟ್ಟಬೇಕು ಅಂತ ಮೊದಲು ಅಳತೆ ಮಾಡು, ಆಮೇಲೆ ಆಂಟೆನಾ. ಬೀಗ ಮಾತ್ರ ಹತ್ತಿರಕ್ಕೂ ಬೇಕು, ದೂರಕ್ಕೂ ಬೇಕು" ಎಂದೆ. ಅವನು ಅದನ್ನು ನೋಟ್ಸಿನಲ್ಲಿ ಬರೆದುಕೊಂಡ. ನಾನೂ ಇಲ್ಲಿ ಬರೆದಿಟ್ಟಿದ್ದೇನೆ.